ಹೋಗುವಾಗ ಹಗುರ

ನನ್ನ ಬಾಯಿಗೆ ಬೀಗ ಹಾಕುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ನಾವು ಜೇನು ಸಾಕುವವರು. ಹೂವು ಬಿಟ್ಟ ಕಡೆಗೆ ಪೆಟ್ಟಿಗೆಗಳನ್ನು ಟ್ರೈಲರ್‌ನಲ್ಲಿ ಒಯ್ದಿಟ್ಟು, ಹೂವು ಮುಗಿದ ಮೇಲೆ ಮನೆಗೆ ತರಬೇಕು. ಭಾರದ ಟ್ರೈಲರ್ ಎಳೆಯುವ ಲೈಸೆನ್ಸ್ ಇರುವುದು ನನ್ನ ಹತ್ತಿರ. ನನ್ನ ಗಂಡನದು ಚಿಕ್ಕದಕ್ಕೆ ಮಾತ್ರ. ಟ್ರೈಲರೂ ಸರಕೂ ಸೇರಿ ಏಳುನೂರೈವತ್ತು ಕಿಲೋ ದಾಟುವಂತಿಲ್ಲ. ದೊಡ್ಡದರ ಪರೀಕ್ಷೆಗೆ ಹೋಗಿ, ಟ್ರೈಲರನ್ನು ಹಿಂದಕ್ಕೆ ತೆಗೆಯಲಾರದೆ ಫೇಲಾಗಿ ಬಂದರು.

"ಅಲ್ಲಿನ ನೆಲವೇ ಸರಿಯಿಲ್ಲ, ಇಳಿಜಾರು," ಎಂದರು ಊಟಕ್ಕೆ ಕೂತಾಗ. ಅತ್ತೆ, ನಾದಿನಿ, ಮೈದುನ ಎಲ್ಲರೂ ಇದ್ದರು. ಸುಮ್ಮನೆ ಬಡಿಸಿಕೊಂಡು ಹೋಗುವುದು ಬಿಟ್ಟು, "ಹೌದೌದು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ಎಂದೆ. ಮೈದುನ ನಕ್ಕೂ ನಕ್ಕೂ ನೀರು ನೆತ್ತಿಗೇರಿಸಿಕೊಂಡ. ಅವರೂ ನಕ್ಕರು. ಆದರೆ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ.

ಈ ಸಲ ಹೂವಿನ ಕಾಲಕ್ಕೆ, "ನಾನೇ ಒಯ್ತೀನಿ, ನಾನೇ ತರ್ತೀನಿ. ತೂಕ ಹಾಕಿಸಿದೀನಿ, ನನ್ನ ಲೈಸೆನ್ಸ್ ಸಾಕು," ಎಂದರು. ನಿಜವೇ. ಇನ್ನೂ ಜೇನುತುಪ್ಪ ತುಂಬದ ಪೆಟ್ಟಿಗೆಗಳು ಹಗುರವಾಗಿದ್ದವು. ಒಯ್ದರು, ಇಟ್ಟರು, ಮೀಸೆ ತಿರುವುತ್ತಾ ಬಂದರು.

ವಾಪಸ್ ತರುವ ದಿನ ಅಲ್ಲಿಂದ ಫೋನ್ ಬಂತು. "ಒಂದೊಂದು ಪೆಟ್ಟಿಗೆ ಎತ್ತೋಕಾಗ್ತಿಲ್ಲ ಕಣೇ! ಮೇಲಿನ ಅಂತಸ್ತೂ ತುಂಬಿಬಿಟ್ಟಿದೆ. ಇಷ್ಟು ತುಪ್ಪ ನಾನು ಕಂಡೇ ಇಲ್ಲ."

"ರೀ, ಹಾಗಾದ್ರೆ ತೂಕ? ಅಲ್ಲೇ ಇರಿ. ತಮ್ಮನ ಜೀಪು, ದೊಡ್ಡ ಟ್ರೈಲರು ತಗೊಂಡು ನಾನೇ ಬರ್ತೀನಿ."

ಆ ಕಡೆಯಿಂದ ಅವರು, "ಅದೇ ಪೆಟ್ಟಿಗೆ, ಅದೇ ಟ್ರೈಲರು. ಹೋಗುವಾಗ ಸರಿಯಿದ್ದದ್ದು ಬರುವಾಗ ಕೆಟ್ಟುಹೋಗುತ್ತಾ? ನಂಗೂ ಕುಣಿಯೋಕೆ ಬರತ್ತೆ, ನೋಡ್ತಿರು," ಎಂದು ಫೋನಿಟ್ಟರು.

ಅಯ್ಯೋ, ನನ್ನ ಹಾಳು ಬಾಯಿ! ನಾನು ಆಡಿ ಮರೆತದ್ದನ್ನು ಅವರು ಒಳಗೇ ಇಟ್ಟುಕೊಂಡಿದ್ದರು.

ನಡೆದದ್ದು ಆಮೇಲೆ ಗೊತ್ತಾಯಿತು. ಅವರು ತುಂಬಿದ ಪೆಟ್ಟಿಗೆಗಳನ್ನು ಒಳಗೆ ತಳ್ಳಲು ಶಕ್ತಿ ಸಾಲದೆ ಟ್ರೈಲರಿನ ಹಿಂತುದಿಯಲ್ಲೇ ಇಟ್ಟಿದ್ದಾರೆ. ಭಾರವೆಲ್ಲ ಹಿಂದಾಗಿ, ಇಳಿಜಾರಿನಲ್ಲಿ ಬಾಲ ಅಲ್ಲಾಡಲು ಶುರುವಾಗಿದೆ. ಗಾಬರಿಯಲ್ಲಿ ಜೋರಾಗಿ ಬ್ರೇಕ್ ಒತ್ತಿದ್ದಾರೆ. ಪೊಲೀಸಿನವನು ಫೋನ್ ಮಾಡಿ "ನಿಮ್ಮೆಜಮಾನ್ರಿಗೆ ಏನೂ ಆಗಿಲ್ಲಮ್ಮ," ಎಂದಾಗ ನನಗೆ ಹೋದ ಜೀವ ಬಂತು.

ನಾನು ತಮ್ಮನ ಜೀಪಿಗೆ ದೊಡ್ಡ ಟ್ರೈಲರು ಕಟ್ಟಿಕೊಂಡು ಹೋಗಿ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಟ್ರೈಲರ್ ಮಗುಚಿ ಬಿದ್ದಿತ್ತು. ಅರ್ಧಕ್ಕರ್ಧ ಪೆಟ್ಟಿಗೆ ಒಡೆದು ತುಪ್ಪ ರಸ್ತೆಗೆ ಹರಿದಿತ್ತು. ತಾವೇ ಕೂಡಿಟ್ಟ ತುಪ್ಪದಲ್ಲಿ ಹುಳಗಳು ಸಿಕ್ಕಿಕೊಂಡು ಸಾಯುತ್ತಿದ್ದವು. ತೂಕ ಮೀರಿದ್ದಕ್ಕೆ ಇವರ ಲೈಸೆನ್ಸು ಪೊಲೀಸಿನವನ ಜೇಬು ಸೇರಿತ್ತು. ಇವರು ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಒಂದೊಂದೇ ಹುಳ ಎತ್ತಿ ಹುಲ್ಲಿನ ಮೇಲೆ ಬಿಡುತ್ತಿದ್ದರು.

"ನಿನ್ನ ಕರೀಬೇಕಿತ್ತು," ಎಂದರು, ತಲೆ ಎತ್ತದೆ.

"ಕರೆಯೋ ಹಾಗೆ ನಾನೆಲ್ಲಿ ಇಟ್ಟಿದ್ದೆ ರೀ?" ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಷ್ಟು ಜನಕ್ಕೆ ಹೇಳಿದ್ದೇನೋ ಈ ಗಾದೆಯನ್ನು.

ಉಳಿದ ಪೆಟ್ಟಿಗೆಗಳನ್ನು ತುಂಬಲು ನಾನು ತಂದ ಟ್ರೈಲರನ್ನು ಹತ್ತಿರಕ್ಕೆ, ಹಿಂದಕ್ಕೆ ತರಬೇಕಿತ್ತು. ಅವರು ಎದ್ದು ಹಿಂದೆ ನಿಂತು, ಅಂಟಿದ ಕೈಯಲ್ಲೇ ಸನ್ನೆ ಮಾಡುತ್ತಾ, "ಬಾ... ಬಾ... ಸ್ವಲ್ಪ ಎಡಕ್ಕೆ... ಊಹೂಂ, ಮುಂದೆ ಹೋಗಿ ಬಾ," ಎಂದರು. ಅವರು ಹೇಳಿದ್ದು ತಪ್ಪು, ಎಡಕ್ಕೆ ಬೇಕಿರಲಿಲ್ಲ. ಕಣ್ಣು ಮುಚ್ಚಿ ಒಂದೇ ಸಲಕ್ಕೆ ನಿಲ್ಲಿಸಬಲ್ಲೆ ನಾನು.

ಮುಂದೆ ಹೋಗಿ, ಅವರು ಹೇಳಿದ ಹಾಗೇ ಮತ್ತೆ ಬಂದೆ. "ಸರಿಯಾಯ್ತಾ ರೀ?" ಎಂದು ಕೇಳಿದೆ. ಈ ಬುದ್ಧಿ ಅವತ್ತು ಊಟದ ಹೊತ್ತಿನಲ್ಲಿ ಎಲ್ಲಿ ಹೋಗಿತ್ತೋ ನನಗೆ.