ಸ್ಟೆನ್ಸಿಲ್ ಕೈ

ಚಂದ್ರಯಾನದ ನೌಕೆ ಭೂಮಿಯ ಜೊತೆ ಮಾತು ನಿಲ್ಲಿಸಿತು ಎಂಬ ಸುದ್ದಿ ಬಂದದ್ದೇ ತಡ, ಕಂಠಪ್ಪನಿಗೆ ಗೌರಿಹಬ್ಬ ಇನ್ನೊಮ್ಮೆ ಬಂದಂತಾಯಿತು. ಹನಗೋಡಿನ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತನಾಗಿದ್ದ ಅವನು, ಸೋಮವಾರ ಬೆಳಿಗ್ಗೆ ಪೇಪರನ್ನು ಮೇಜಿನ ಮೇಲೆ ಹರಡಿಕೊಂಡು, ಹಾಜರಿ ಹಾಕಲು ಬಂದ ಒಬ್ಬೊಬ್ಬರನ್ನೂ ನಿಲ್ಲಿಸಿಕೊಂಡ.

“ಹತ್ತು ತಿಂಗಳು ಕಣ್ರೀ! ನಮ್ಮನೆ ಎಮ್ಮೆ ಗಬ್ಬ ಆಗಿ ಈಯೋಕೂ ಅಷ್ಟೇ ದಿನ. ಅದು ಕರುನಾದ್ರೂ ಕೊಡ್ತದೆ. ಇವ್ರು ಏನ್ ಕೊಟ್ರು?”

ವಿಜ್ಞಾನ ಪಾಠ ಮಾಡುವ ಸುಧಾ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೆ.ಆರ್. ನಗರದ ಹುಡುಗಿ, ಶಾಲೆಯ ಕಮಿಟಿಯವರು ಇಟ್ಟುಕೊಂಡಿದ್ದ ತಾತ್ಕಾಲಿಕ ಮೇಡಂ, ಬಾಯಿ ತಡೆಯಲಿಲ್ಲ. “ಸಾವಿರಾರು ಚಿತ್ರ ಕಳಿಸಿದೆ ಸರ್” ಎಂದಳು.

“ಚಿತ್ರ ನೋಡಾಕೆ ಹುಣಸೂರಲ್ಲಿ ಟಾಕೀಸ್ ಇಲ್ವಾ ಮೇಡಂ?”

ಕಂಠಪ್ಪನ ಲೋಕದಲ್ಲಿ ಹೊಸದಾಗಿ ಬಂದದ್ದೆಲ್ಲ ದಂಡ. ಮನೆಯಲ್ಲಿ ಹೆಂಡತಿ ಕೂಗಿದರೆ ಓಗೊಡದವನು ಮೊಬೈಲು ಹಿಡಿದು ಹೊಲದ ಬದುವಿನಲ್ಲಿ ಹಲೋ ಹಲೋ ಅನ್ನುತ್ತಾನೆ ಎಂದು ನಗುತ್ತಿದ್ದ. ಕಂಪ್ಯೂಟರೆಂದರೆ ಕರೆಂಟು ಹೋದೊಡನೆ ಹೆಣ. ಇಷ್ಟೆಲ್ಲ ಜರಿಯುವವನಿಗೆ ತನ್ನದೆಂದು ಹೇಳಿಕೊಳ್ಳಲು ಏನಿತ್ತು? ಒಂದು ಹಳೆಯ ಟೈಪ್‌ರೈಟರು, ಒಂದು ಸೈಕ್ಲೋಸ್ಟೈಲ್ ಯಂತ್ರ, ಮತ್ತು ಒಂದು ಹೆಸರು. ಕಂಠಪ್ಪ ಮುದ್ರಿಸಿದ ಪ್ರಶ್ನೆಪತ್ರಿಕೆ ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಹೊರಗೆ ಹೋಗಿಲ್ಲ ಎಂಬ ಹೆಸರು.

ಆ ಹೆಸರಿಗೆ ಒಂದು ಶಾಸ್ತ್ರವಿತ್ತು. ಮೇಣ ಮೆತ್ತಿದ ಸ್ಟೆನ್ಸಿಲ್ ಹಾಳೆಯ ಮೇಲೆ ಅಕ್ಷರ ಕತ್ತರಿಸಿ ಬರುವಂತೆ ಕೀಲಿಗಳನ್ನು ಕುಟ್ಟಿ ಕುಟ್ಟಿ ಟೈಪ್ ಮಾಡುತ್ತಿದ್ದ. ಅದನ್ನು ಸೈಕ್ಲೋಸ್ಟೈಲಿನ ಉರುಳೆಗೆ ಸುತ್ತಿ, ಹಿಡಿ ತಿರುಗಿಸಿ ಪ್ರತಿ ತೆಗೆಯುತ್ತಿದ್ದ. ಕೊನೆಗೆ ಮಸಿ ಸೋರುವ ಆ ಸ್ಟೆನ್ಸಿಲನ್ನು ಹೆಡ್ಮೇಷ್ಟ್ರ ಎದುರಿಗೇ ಹಿತ್ತಲಲ್ಲಿ ಸುಡುತ್ತಿದ್ದ. ಮೇಣ ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆ ಹೆಡ್ಮೇಷ್ಟ್ರು ಶಿವನಂಜಪ್ಪನವರು ರಿಜಿಸ್ಟರಿಗೆ ಸಹಿ ಹಾಕುತ್ತಿದ್ದರು. ಪಿರಿಯಾಪಟ್ಟಣದ ಕಡೆಯ ಸಾಧು ಮನುಷ್ಯ, ರಿಟೈರಾಗಲು ಒಂದು ವರ್ಷವಿತ್ತು, ಯಾರ ತಂಟೆಗೂ ಹೋಗುವವರಲ್ಲ.

ಆ ವರ್ಷ ಕಮಿಟಿ ಮೆಂಬರು ಚೆಲುವರಾಜು, ಹೊಗೆಸೊಪ್ಪಿಗೆ ಒಳ್ಳೆ ರೇಟು ಸಿಕ್ಕಿದ ಖುಷಿಯಲ್ಲಿ, ಮೈಸೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಝೆರಾಕ್ಸ್ ಮಿಷನ್ ತಂದು ಶಾಲೆಗೆ ಕೊಟ್ಟಿದ್ದ. ಕೊಟ್ಟವನು ತಾನೆಂಬ ಗತ್ತಿನಲ್ಲಿ ವಾರಕ್ಕೆರಡು ಸಲ ಬಂದು, ತಾನೇ ಮುಚ್ಚಳ ಎತ್ತಿ ತನ್ನ ಕಾಗದಪತ್ರಗಳ ನಕಲು ತೆಗೆದುಕೊಂಡು ಹೋಗುತ್ತಿದ್ದ. ಸ್ಟೆನ್ಸಿಲ್ ಹಾಳೆ ಹುಣಸೂರಿನ ಅಂಗಡಿಗಳಲ್ಲಿ ಸಿಗುವುದು ನಿಂತಿತ್ತು. ಹೀಗಾಗಿ ಅರ್ಧವಾರ್ಷಿಕ ಪರೀಕ್ಷೆಯ ಪತ್ರಿಕೆಗಳನ್ನು ಝೆರಾಕ್ಸಿನಲ್ಲೇ ತೆಗೆಯಬೇಕೆಂದು ಹೆಡ್ಮೇಷ್ಟ್ರು ಹೇಳಿದರು.

ಸುಧಾ ಬರೆದುಕೊಟ್ಟ ವಿಜ್ಞಾನದ ಪ್ರಶ್ನೆಗಳನ್ನು ಕಂಠಪ್ಪ ಮೂಗು ಮುರಿಯುತ್ತ ಬಿಳಿ ಹಾಳೆಯ ಮೇಲೆ ಟೈಪ್ ಮಾಡಿದ. ಮಿಷನ್ ತೋರಿಸಿಕೊಡಲು ಅವಳು ಬಂದಾಗ ಬಾಗಿಲಲ್ಲೇ ತಡೆದ.

“ಪೇಪರ್ ಪ್ರಿಂಟ್ ಆಗೋವಾಗ ಟೀಚರ್‌ಗಳು ಒಳಕ್ಕೆ ಬರಂಗಿಲ್ಲ. ಗುಂಡಿ ಒತ್ತಾಕೆ ಬಿ.ಎಸ್ಸಿ. ಓದಬೇಕಾ ಮೇಡಂ? ನೀವು ಚಂದ್ರನ್ನ ನೋಡ್ಕೊಳಿ ಓಗಿ.”

ಟೈಪ್ ಮಾಡಿದ ಹಾಳೆಯನ್ನು ಮುಚ್ಚಳದ ಕೆಳಗಿಟ್ಟು ಅರವತ್ತು ಎಂದು ಒತ್ತಿದ. ಮಿಷನ್ ಹಾಳೆಗಳನ್ನು ಉಗುಳಿ ಸುಮ್ಮನಾಯಿತು. ಕೈಗೆ ಮಸಿಯಿಲ್ಲ, ಬಿಚ್ಚಿ ತೆಗೆಯಲು ಉರುಳೆಯಿಲ್ಲ. ಕಟ್ಟಿನ ಮೇಲಿದ್ದ ಹಾಳೆಯನ್ನೇ ಮೂಲಪ್ರತಿ ಎಂದುಕೊಂಡು ಎತ್ತಿಕೊಂಡ, ಹೆಡ್ಮೇಷ್ಟ್ರನ್ನು ಹಿತ್ತಲಿಗೆ ಕರೆದು ಕಡ್ಡಿ ಗೀರಿದ. ಅವರು ಸಹಿ ಹಾಕಿದರು. ಆಮೇಲೆ ಎಣಿಸಿದರೆ ಕಟ್ಟಿನಲ್ಲಿ ಐವತ್ತೊಂಬತ್ತೇ ಇದ್ದವು.

“ಅರವತ್ತು ಒತ್ತಿದ್ರೆ ಐವತ್ತೊಂಬತ್ತು ಕೊಡ್ತದೆ. ಒಂದ ನುಂಗ್ಬುಡ್ತು ನೋಡಿ ಸಾರ್, ಇದೊಂದು ಮಿಷನ್ನು!” ಎಂದು ನಕ್ಕು ಕವರಿಗೆ ಅರಗು ಹಾಕಿದ.

ಪರೀಕ್ಷೆಯ ಹಿಂದಿನ ದಿನ ಹತ್ತನೇ ಕ್ಲಾಸಿನ ಪುಟ್ಟಿಯ ಜಾಮಿಟ್ರಿ ಬಾಕ್ಸಿನಲ್ಲಿ ನಾಲ್ಕು ಮಡಿಕೆಯ ಪ್ರಶ್ನೆಪತ್ರಿಕೆ ಸಿಕ್ಕಿತು. ಪುಟ್ಟಿ ಚೆಲುವರಾಜುವಿನ ಮಗಳು. ಕೇಳಿದರೆ ಅತ್ತಳೇ ಹೊರತು ಬಾಯಿ ಬಿಡಲಿಲ್ಲ. ಅವಳಪ್ಪನನ್ನು ಕೇಳುವ ಎದೆ ಹೆಡ್ಮೇಷ್ಟ್ರಿಗೂ ಇರಲಿಲ್ಲ, ಕಂಠಪ್ಪನಿಗೂ ಇರಲಿಲ್ಲ. ಚಂದ್ರನಿಗೆ ಕಲ್ಲು ಹೊಡೆಯುವ ಬಾಯಿ ಕಮಿಟಿ ಮೆಂಬರಿನ ಮುಂದೆ ಏಳುವುದಿಲ್ಲ. ಆದರೆ ಸುಧಾ ಬಾಡಿಗೆಗಿದ್ದದ್ದು ಚೆಲುವರಾಜುವಿನ ಮನೆಯ ಹಿಂದಿನ ಕೋಣೆಯಲ್ಲಿ.

“ಇನ್ನೇನ್ ಬೇಕು ಸಾರ್? ಪೇಪರ್ ಬರ್ದೋರು ಅವ್ರು, ಇರೋದು ಅವ್ರ ಮನೇಲಿ. ನನ್ ಕಡೆಯಿಂದ ಓಗಾಕೆ ಸಾಧ್ಯವಾ? ನಿಮ್ಮೆದುರಿಗೇ ಸುಟ್ಟಿದೀನಿ. ನೋಟೀಸ್ ಕೊಟ್ಟು ಮನೆಗೆ ಕಳಿಸಿ.”

ಸುಧಾ ಇಲ್ಲ ಇಲ್ಲವೆಂದು ಎಷ್ಟು ಹೇಳಿದರೂ ಕಂಠಪ್ಪನ ದನಿ ದೊಡ್ಡದು. ಹೆಡ್ಮೇಷ್ಟ್ರು ತಲೆಯಾಡಿಸಿ, ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಲು ಹೇಳಿದರು. ಕಂಠಪ್ಪ ಟೈಪ್‌ರೈಟರಿನ ಮುಂದೆ ಕೂತ. ಇಷ್ಟು ರುಚಿಯಾಗಿ ಅವನು ಯಾವ ಕಾಗದವನ್ನೂ ಟೈಪ್ ಮಾಡಿರಲಿಲ್ಲ. ‘ತಮ್ಮ ಹೊಣೆಗೇಡಿತನದಿಂದ ಶಾಲೆಯ ಮಾನ ಹರಾಜಾಗಿರುತ್ತದೆ. ಗೋಪ್ಯ ಕಾಗದ ಕಾಯಲಾರದ ತಮ್ಮಂಥವರನ್ನು ಕೆಲಸದಿಂದ ಏಕೆ ತೆಗೆಯಬಾರದೆಂದು ಮೂರು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು.’

ನೋಟೀಸನ್ನು ಹೆಡ್ಮೇಷ್ಟ್ರ ಮೇಜಿನ ಮೇಲಿಟ್ಟು ಬಂದು, ಪುಟ್ಟಿಯ ಹತ್ತಿರ ಸಿಕ್ಕಿದ ಹಾಳೆಯನ್ನು ಫೈಲಿಗೆ ಸೇರಿಸಲು ಕೈಗೆತ್ತಿಕೊಂಡ. ಬೆರಳು ಹಾಳೆಯ ಬೆನ್ನಿನ ಮೇಲೆ ಹರಿದು ಅಲ್ಲೇ ನಿಂತಿತು.

ಹಾಳೆ ತರಿತರಿಯಾಗಿತ್ತು. ‘ಬಿಟ್ಟ ಸ್ಥಳ ತುಂಬಿರಿ’ ಎಂಬಲ್ಲಿ ಸಾಲಾಗಿ ಹೊಡೆದ ಚುಕ್ಕಿಗಳು ಆಚೆಗೆ ತೂತಾಗಿ ಬಂದಿದ್ದವು. ಸ್ಟೆನ್ಸಿಲ್ ಕುಟ್ಟಿ ಕುಟ್ಟಿ ಪಳಗಿದ ಕೈ ಬಿಳಿ ಹಾಳೆಯನ್ನೂ ಬಿಡುವುದಿಲ್ಲ. ಝೆರಾಕ್ಸ್ ಪ್ರತಿಯ ಬೆನ್ನು ಹೀಗಿರುವುದಿಲ್ಲ, ನುಣ್ಣಗಿರುತ್ತದೆ. ಇದು ಮೂಲಪ್ರತಿ. ಇವನು ಸುಟ್ಟದ್ದು ನಕಲು. ಮುಚ್ಚಳದ ಕೆಳಗೆ ಇವನೇ ಬಿಟ್ಟುಬಂದದ್ದನ್ನು ಪ್ರಿಂಟ್ ತೆಗೆದ ಮಾರನೆಯ ದಿನ ನಕಲಿಗೆಂದು ಬಂದ ಚೆಲುವರಾಜು ಎತ್ತಿಕೊಂಡಿದ್ದಾನೆ. ಅವನು ಬಂದಾಗ ಕಂಠಪ್ಪ ಓದುತ್ತಿದ್ದ ನ್ಯೂಸ್‌ಪೇಪರಿನಿಂದ ತಲೆ ಕೂಡ ಎತ್ತಿರಲಿಲ್ಲ.

ಒಳ್ಳೆಯವನಾಗಿದ್ದರೆ ಎದ್ದು ಹೋಗಿ ಹೇಳುತ್ತಿದ್ದ. ಹೆಡ್ಮೇಷ್ಟ್ರ ಕೋಣೆ ಹತ್ತು ಹೆಜ್ಜೆ ದೂರವಿಲ್ಲ. ಅವನು ಹೋದದ್ದು ಝೆರಾಕ್ಸ್ ಮಿಷನ್ನಿನ ಹತ್ತಿರ. ಒಂದು ನುಣ್ಣನೆಯ ನಕಲು ತೆಗೆದು ಫೈಲಿಗೆ ಹಾಕಿ, ಮೂಲವನ್ನು ಈ ಸಲವಾದರೂ ಸರಿಯಾಗಿ ಸುಟ್ಟುಬಿಟ್ಟರೆ ಆಯಿತು, ಹುಡುಗಿ ಕೆ.ಆರ್. ನಗರದಲ್ಲಿ ಇನ್ನೊಂದು ಕೆಲಸ ಹುಡುಕಿಕೊಳ್ಳುತ್ತಾಳೆ. ಅವಸರದಲ್ಲಿ ಗುಂಡಿ ಒತ್ತಿದ. ಒಳಗೆಲ್ಲೋ ಕಾಗದ ಸಿಕ್ಕಿಕೊಂಡು, ಕೆಂಪು ದೀಪ ಹತ್ತಿ, ಮಿಷನ್ ಕೀಂ ಕೀಂ ಎಂದು ಶಾಲೆಗೆಲ್ಲ ಕೇಳುವಂತೆ ಅರಚತೊಡಗಿತು. ಗುಂಡಿ ಒತ್ತಿದ, ಬದಿಗೆ ಗುದ್ದಿದ, ಮುಚ್ಚಳ ಎಳೆದ. ಗಾಬರಿಯಲ್ಲಿ ಯಾವುದೂ ಕೈಗೆ ಹತ್ತಲಿಲ್ಲ.

“ಏನ್ರೀ ಅದು ಗಲಾಟೆ? ಸುಧಾ ಮೇಡಂ, ಒಸಿ ನೋಡೀಮ್ಮ” ಎಂದು ಹೆಡ್ಮೇಷ್ಟ್ರು ಕೋಣೆಯಿಂದ ಎದ್ದು ಬಂದರು.

“ಬ್ಯಾಡಿ ಮೇಡಂ, ನಾ ನೋಡ್ಕೊತೀನಿ!”

ಅಷ್ಟರಲ್ಲಿ ಸುಧಾ ಅತ್ತ ಕಣ್ಣೊರೆಸಿಕೊಂಡು ಒಳಗೆ ಬಂದಿದ್ದಳು. ಪಕ್ಕದ ಬಾಗಿಲು ತೆಗೆದು ಮುದುಡಿದ ಕಾಗದ ಎಳೆದಳು. ಮಿಷನ್ ಬಾಯಿ ಮುಚ್ಚಿತು. ಮುಚ್ಚಳ ಎತ್ತಿ ಕೆಳಗಿದ್ದ ಹಾಳೆಯನ್ನು ತೆಗೆದವಳು, ತನ್ನ ಕೆಲಸಕ್ಕೆ ಕಂಟಕವಾದ ಹಾಳೆ ಅದೇ ಎಂದು ಗುರುತಿಸಿ, ಕಿಟಕಿಯ ಕಡೆ ತಿರುಗಿಸಿದಳು. ಚುಕ್ಕಿ ಚುಕ್ಕಿಯಾಗಿ ಬೆಳಕು ಈಚೆ ಬಂತು.

“ಝೆರಾಕ್ಸ್ ಕಾಪೀಲಿ ತೂತು ಇರಲ್ಲ ಅಲ್ವಾ ಸರ್?”

ಅವಳು ಕೇಳಿದ್ದು ಹೆಡ್ಮೇಷ್ಟ್ರನ್ನು. ಶಿವನಂಜಪ್ಪನವರು ಹಾಳೆಯನ್ನು ಇಸಿದುಕೊಂಡು ಬೆನ್ನು ಸವರಿದರು. ಸಾಧು ಮನುಷ್ಯನ ಮುಖ ಕಪ್ಪಿಟ್ಟಿತು.

“ಅಂಗಾರೆ ನನ್ನೆದುರಿಗೆ ಸುಟ್ಟಿದ್ದು ಏನು ಕಂಠಪ್ಪ?”

“ಈ ದರಿದ್ರ ಮಿಷನ್ ಸಾರ್, ಒಂದ ನುಂಗಿ...”

“ಅದು ಅರವತ್ತು ಕೇಳಿದ್ರೆ ಅರವತ್ತು ಕೊಡ್ತು ಕಣ್ರೀ. ಈಗ ಏನ್ ಮಾಡ್ತಿದ್ರಿ ಇಲ್ಲಿ? ಈ ಹುಡುಗಿ ಅನ್ನ ಕಿತ್ಕೊಳಕೆ ನಕಲು ತೆಗೀತಿದ್ರಾ?”

ಹೆಡ್ಮೇಷ್ಟ್ರು ಕೋಣೆಗೆ ಹೋಗಿ ನೋಟೀಸು ತಂದು ಅವನ ಟೈಪ್‌ರೈಟರಿನ ಪಕ್ಕ ಇಟ್ಟರು.

“ಚೆನ್ನಾಗೇ ಬರ್ದಿದೀರಿ. ಒಂದಕ್ಷರ ತಿದ್ದೋದು ಬ್ಯಾಡ. ಹೆಸರು ಮಾತ್ರ ಬದಲಾಯಿಸಿ ಇನ್ನೊಂದು ಹೊಡೀರಿ. ಪೇಪರ್ ಬೇರೆ ಬರೆಯೋಕೆ ಮೇಡಮ್ಮಿಗೆ ನಾನೇ ಹೇಳ್ತೀನಿ.”

ಅವನು ಹಾಳೆ ಸಿಕ್ಕಿಸಿ ಶುರುಮಾಡಿದ. ಹೊಣೆಗೇಡಿತನ, ಹರಾಜು, ತಮ್ಮಂಥವರು, ಎಲ್ಲವನ್ನೂ ಒಂದೊಂದಾಗಿ ಹೊಡೆದ. ಹೆಸರಿನ ಜಾಗ ಬಂದಾಗ ಬೆರಳಿನಲ್ಲಿ ಬಲವೇ ಇರಲಿಲ್ಲ.

ಶಿವನಂಜಪ್ಪನವರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

“ಹೆಸರು ಕಾಣ್ತಿಲ್ಲ. ಗಟ್ಟಿಯಾಗಿ ಹೊಡೀರಿ” ಎಂದರು.