ಹಾಸಿಗೆ ಬಿಚ್ಚದೆ ದೋಣಿ ಹತ್ತಬೇಡಿ

ಟೀಪೆನೆಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮಧ್ಯಾಹ್ನದೊಳಗೆ ಗಾಳಿ ತಿರುಗುತ್ತದೆ, ಆಮೇಲೆ ವಾರವಿಡೀ ದೋಣಿ ಬಿಡುವುದಿಲ್ಲ. ಅತ್ತ ದ್ವೀಪದ ಬಿಲಗಳಲ್ಲಿ ಟೀಟಿ ಹಕ್ಕಿಯ ಮರಿಗಳು ಕೊಬ್ಬಿ ಕೂತಿವೆ. ವರ್ಷವಿಡೀ ಕಾದದ್ದು ಈ ಬೇಟೆಗೇ. ಇತ್ತ ಬ್ಲಫ್ ಬಂದರಿನ ಗೋದಾಮಿನಲ್ಲಿ ಅವನ ಅಕ್ಕ ರೀಪೆಕಾ ಬಾಗಿಲು ಹಾಕಿಕೊಂಡು, ದ್ವೀಪಕ್ಕೆ ಹೊರಟ ಪ್ರತಿ ಮನೆಯವರ ಸಾಮಾನನ್ನೂ ಬಿಚ್ಚಿಸಿ ಕೊಡವಿಸುತ್ತಿದ್ದಳು.

“ಅಕ್ಕಾ, ಸಾಕು ಬಿಡೇ! ಹಾಸಿಗೇನೆಲ್ಲ ಹದಿನೈದು ದಿನದ ಹಿಂದೇನೇ ಕಟ್ಟಿ ಶೆಡ್ಡಲ್ಲಿಟ್ಟಿದ್ದೆ.”

“ಅದಕ್ಕೇ ಬಿಚ್ಚು ಅಂತಿರೋದು. ಅಷ್ಟು ದಿನದಲ್ಲಿ ಇಲಿ ಸಂಸಾರಾನೇ ಹೂಡಿರುತ್ತೆ.”

“ಇಲಿ ಹೋಗಿ ದ್ವೀಪದ ಮೂತಿಹುಳ ತಿನ್ನುತ್ತೆ ಅಂತ ಇಷ್ಟು ರಂಪಾನಾ? ಹುಳ ಹೋದ್ರೆ ಊರೇನು ಮುಳುಗಿಹೋಗುತ್ತಾ?”

“ಬೆನ್ನೆಲ್ಲಾ ಗಂಟುಗಂಟು ಇರೋ ಆ ಹುಳಕ್ಕೆ ಹಾರಕ್ಕೆ ಬರಲ್ಲ ಕಣೋ. ಪೂನೂಯಿ ಗಿಡದ ಎಲೇನೇ ಅದರ ಊಟ. ಹುಳದ ಮರಿಗಳು ಮಣ್ಣಲ್ಲಿ ಅದೇ ಗಿಡದ ಬೇರು ತಿಂದು ಬೆಳೀತವೆ. ಇಲಿ ಬಂದ್ರೆ ಎಲ್ಲಿಗೆ ಓಡುತ್ತೆ ಅದು? ಅಮ್ಮನ ತವರಿನವರ ದ್ವೀಪಕ್ಕೂ ಹಿಂಗೇ ದೋಣೀಲೇ ಇಲಿ ಬಂತು. ಹುಳ ಹೋಯ್ತು, ಪುಟ್ಟ ಹಕ್ಕಿಗಳೂ ಹೋದ್ವು. ನಿನ್ನ ಟೀಟಿ ಮೊಟ್ಟೇನ ಇಲಿ ಬಿಡುತ್ತೆ ಅಂದ್ಕೊಂಡಿದೀಯಾ?”

ಟೀಪೆನೆ ಗೊಣಗುತ್ತ ಹಾಸಿಗೆಯ ಹಗ್ಗ ಬಿಚ್ಚಿದ. ಸುರುಳಿಯ ನಡುವೆ ಕಡಿದ ಉಣ್ಣೆಯ ಗೂಡು. ಅದರಲ್ಲಿ ಕಣ್ಣು ಬಿಡದ ಐದು ಇಲಿಮರಿಗಳು.

“ತಾಯಿ ಎಲ್ಲೋ?” ಎಂದಳು ರೀಪೆಕಾ.

ತಾಯಿ ಕಾಣಲಿಲ್ಲ. ಅದೇ ಶೆಡ್ಡಿನ ಇನ್ನೆರಡು ಹಾಸಿಗೆಗಳನ್ನು ಟೀಪೆನೆ ಬೆಳಗ್ಗೆಯೇ ಅಕ್ಕನ ಕಣ್ಣು ತಪ್ಪಿಸಿ ದೋಣಿಗೇರಿಸಿದ್ದ. ಹೊರಗೆ ದೋಣಿಯ ಎಂಜಿನ್ ಶುರುವಾಗಿತ್ತು.

“ಏ, ನಿಲ್ಸೋ! ಬಿಡಬೇಡ!” ಟೀಪೆನೆ ಬಿದ್ದೆನೋ ಕೆಟ್ಟೆನೋ ಎಂದು ಓಡಿದ.

“ಗಾಳಿ ತಿರುಗುತ್ತೆ ಮಾರಾಯ!” ದೋಣಿಯವನು ಕೂಗಿದ.

“ತಿರುಗ್ಲಿ! ತಪ್ಪು ನಂದೇ. ನನ್ನ ಹಾಸಿಗೆ ಇಳ್ಸು, ದೋಣಿ ಪೂರ್ತಿ ಖಾಲಿ ಮಾಡು.”

ಗೋದಾಮಿನೊಳಗೆ ಎರಡನೆಯ ಹಾಸಿಗೆ ಬಿಚ್ಚುತ್ತಿದ್ದಂತೆ ತಾಯಿ ಇಲಿ ಚಂಗನೆ ನೆಗೆಯಿತು. ಟೀಪೆನೆ ಬಕೆಟ್ಟು ಕವುಚಿ ಹಿಡಿದ. ಎಲ್ಲ ಸಾಮಾನು ನೋಡಿ ಮುಗಿಸುವಷ್ಟರಲ್ಲಿ ಗಾಳಿ ತಿರುಗಿಯೇಬಿಟ್ಟಿತ್ತು. ಎಂಟು ದಿನ ಎಲ್ಲರೂ ಬಂದರಿನಲ್ಲೇ ಕೊಳೆತರು. ಅವನನ್ನು ಬೈಯದವರಿಲ್ಲ. ಒಂಬತ್ತನೆಯ ದಿನ ಗೋದಾಮಿನ ಬಾಗಿಲಲ್ಲಿ ತಾನೇ ನಿಂತು, ಮೊದಲು ಅಕ್ಕನ ಹಾಸಿಗೆಯನ್ನೇ ಬಿಚ್ಚಿಸಿದ.

ದ್ವೀಪಕ್ಕೆ ಹೊರಟವರೇ, ಸಾಮಾನನ್ನು ಹೊರಡುವ ದಿನವೇ ಕಟ್ಟಿ. ಊಟದ ಸಾಮಾನು ಬಿಗಿ ಮುಚ್ಚಳದ ಬಕೆಟ್ಟಿನಲ್ಲಿರಲಿ. ಹಾಸಿಗೆ, ಚೀಲ, ಬೂಟು ಎಲ್ಲವನ್ನೂ ಬಾಗಿಲು ಹಾಕಿದ ಕೋಣೆಯಲ್ಲಿ ಕೊಡವಿ ನೋಡಿ. ದೋಣಿ ತಪ್ಪಿದರೆ ನಾವು ಒಂದು ವಾರ ಕಾಯಬಹುದು. ಆ ಹುಳಕ್ಕೆ ಹೋಗಲು ಬೇರೆ ಜಾಗವಿಲ್ಲ.