ಎಂಟು ತೋಳು, ಒಂದು ಸೂಜಿ

2004ರಲ್ಲಿ ಉಪ್ಪುಂದದ ದಡಕ್ಕೆ ಒಂದು ಹೆಣ ಬಂದು ಬಿತ್ತು. ಮುಖವನ್ನು ಮೀನುಗಳು ತಿಂದಿದ್ದವು. ಮೂರು ಊರಿನ ಹೆಂಗಸರು ತಮ್ಮವನೇ ಎಂದು ಅತ್ತರು. ಅದನ್ನು ಕಂಡು, ನಮ್ಮ ಬೋಟಿನ ಎಂಟೂ ಜನ ಮುಂಗೈ ಮೇಲೆ ಹೆಸರಿನ ಹಚ್ಚೆ ಹಾಕಿಸಿಕೊಳ್ಳಲೇಬೇಕು ಎಂದು ಹಟ ಹಿಡಿದವನು ನಾನು, ಬೋಟು ನಡೆಸುವ ತಾಂಡೇಲ. ಮಹಾ ಬುದ್ಧಿವಂತ.

ಹಚ್ಚೆಯವನ ಹತ್ತಿರ ಇದ್ದದ್ದು ಒಂದೇ ಸೂಜಿ. ಒಬ್ಬನ ರಕ್ತ ಒರೆಸಿ ಇನ್ನೊಬ್ಬನಿಗೆ ಚುಚ್ಚುತ್ತಿದ್ದ. ಸೂಜಿ ಬದಲಾಯಿಸಲಿ, ಇಲ್ಲವೇ ಕುದಿಸಲಿ ಎಂದವನು ನಮ್ಮಲ್ಲಿ ಸುಧೀರನೊಬ್ಬನೇ. ನಾನು ಎಲ್ಲರೆದುರು ಅವನ ಮರ್ಯಾದೆ ತೆಗೆದೆ.

"ಒಂದೇ ಬಟ್ಲಂಗ್ ಉಂಬರಿಗೆ ಬ್ಯಾರೆ ಸೂಜಿ ಎಂತಕ್ಕಾ?"

ಕಡಲಲ್ಲಿ ಒಂದೇ ಪಾತ್ರೆಯ ಗಂಜಿ ಉಣ್ಣುವವರು ನಾವು. ಜೊತೆಯವನಿಗೆ ಹೇಸುವವನು ಬೋಟು ಹತ್ತಬಾರದು ಎಂಬುದು ನಮ್ಮ ದೊಡ್ಡಸ್ತಿಕೆ. ಸುಧೀರ ಕೈ ಚಾಚಿದ.

ಇಪ್ಪತ್ತು ದಿನ ಕಳೆದು ನನ್ನ ಹೆಂಡತಿ ಪೂಜಿತಾಳಿಗೆ ಕುಂದಾಪುರದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು ಚೆನ್ನಾಗಿಯೇ ಅತ್ತಿತು, ತಾಯಿಯ ರಕ್ತ ನಿಲ್ಲಲಿಲ್ಲ. ಅವಳದು ಓ ನೆಗೆಟಿವ್. ಬೋಟಿನಲ್ಲಿ ಆ ರಕ್ತ ಇದ್ದದ್ದು ಸುಧೀರನಿಗೆ ಮಾತ್ರ. ಸುದ್ದಿ ಕೇಳಿದ್ದೇ ತುಂಬುತೋಳಿನ ಅಂಗಿ ಸಿಕ್ಕಿಸಿಕೊಂಡು ಓಡಿ ಬಂದ.

ರಕ್ತ ತೆಗೆಯುವಾಕೆ ಮೊದಲು ಕೇಳಿದ್ದೇ ಹಚ್ಚೆಯ ವಿಷಯ. ಸೂಜಿಯಿಂದ ಲಿವರಿನ ಕಾಯಿಲೆ ಹತ್ತಿದ್ದರೆ ಶುರುವಿನಲ್ಲಿ ಪರೀಕ್ಷೆಗೂ ಸಿಗದೆ ಹೋಗಬಹುದು ಎಂದಳು. ಮಂಗಳೂರಿನಿಂದ ರಕ್ತ ಎರಡು ತಾಸಿನಲ್ಲಿ ಬರುತ್ತದೆ ಎಂದೂ ಹೇಳಿದಳು. ಸುಧೀರ ಬರಿದಾದ ಇನ್ನೊಂದು ಕೈಯ ಅಂಗಿ ಮಡಚಿ ತೋರಿಸಿ, ಹಚ್ಚೆ ಇಲ್ಲ ಎಂದು ತಲೆಯಾಡಿಸಿ ನನ್ನನ್ನು ಬದಿಗೆ ಎಳೆದ.

"ನಾನ್ ಹೇಳುದಿಲ್ಲೆ ಚಂದ್ರಣ್ಣ. ನೀವೂ ಸುಮ್ನಿರಿ."

ಎರಡು ತಾಸು ಕಾಯಬಹುದು, ಅವಳಿಗೆ ಜೀವಮಾನದ ಕಾಯಿಲೆ ಅಂಟಿಸುವುದು ಬೇಡ ಎಂದುಕೊಂಡೆ. ಒಮ್ಮೆಯಾದರೂ ಸರಿಯಾದದ್ದು ಮಾಡೋಣ ಅನಿಸಿ, ರಕ್ತ ತೆಗೆಯುವಾಕೆಗೆ ಹೇಳಿಬಿಟ್ಟೆ.

"ಅವಂಗೂ ಹಚ್ಚಿ ಇತ್ತ್ ಅಮ್ಮ. ಎಂಟೂ ಜನಕ್ಕೆ ಒಂದೇ ಸೂಜಿ."

ಮಂಗಳೂರಿನ ರಕ್ತ ಬರುವಾಗ ನಾಲ್ಕು ತಾಸಾಗಿತ್ತು. ಪೂಜಿತಾ ಅಷ್ಟು ಹೊತ್ತು ಉಳಿಯಲಿಲ್ಲ.

ಆರು ತಿಂಗಳ ಮೇಲೆ ಎಂಟೂ ಜನ ರಕ್ತ ಪರೀಕ್ಷೆ ಮಾಡಿಸಿದೆವು. ಯಾರಿಗೂ ಏನೂ ಇರಲಿಲ್ಲ. ಬೋಟಿನವರು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡು ನಕ್ಕರು. ಸುಧೀರ ನಗಲಿಲ್ಲ, ನನ್ನ ಮುಖ ನೋಡಲೂ ಇಲ್ಲ. ಅವನ ಚೀಟಿಯನ್ನು ಕಿತ್ತುಕೊಂಡು ಮತ್ತೆ ಮತ್ತೆ ಓದಿದೆ. ಅವನಿಗೆ ಕಾಯಿಲೆ ಇದ್ದಿದ್ದರೆ ಎಂದು ಆಸೆಪಟ್ಟೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಈಗಲೂ ಆಸೆಪಡುತ್ತೇನೆ.